ರಿವಾಲ್ವರಿಗೆ ಒಪ್ಪುವ .22 ತೋಟಾ ಹುಡುಕುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಹಾಸನದ ಕಡೆಯವನು, ಎಂಟು ವರ್ಷದಿಂದ ಅಮೆರಿಕದ ಒಹಾಯೋದಲ್ಲಿದ್ದೇನೆ. ಇಲ್ಲಿಯ ಕ್ಲಬ್ಬಿನಲ್ಲಿ ಬುಲ್ಸ್‌ಐ ಸ್ಪರ್ಧೆಗೆ (ಕೈಕೋವಿಯಿಂದ ಕಾಗದದ ಗುರಿಗೆ ಹೊಡೆಯುವ ಪಂದ್ಯ) ಹೋಗಲು ಶುರು ಮಾಡಿ ಒಂದು ವರ್ಷವಾಯಿತು. ಉಳಿದವರೆಲ್ಲ ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿನವರು. ನನಗೇಕೋ ರಿವಾಲ್ವರಿನ ಹುಚ್ಚು. ಆರು ಇಂಚು ನಳಿಗೆಯ, ಹತ್ತು ಚೇಂಬರಿನ (ತೋಟಾ ಕೂರುವ ಹತ್ತು ಗೂಡಿನ) .22 ಒಂದನ್ನು ಕೊಂಡಿದ್ದೇನೆ. ಆರು ಬಗೆಯ ತೋಟಾ ತಂದು, 25 ಗಜ ದೂರಕ್ಕೆ, ಒಂದೊಂದರಲ್ಲೂ ಐದೈದು ಗುಂಡು ಹೊಡೆದು ನೋಡಿದೆ. ಎಲ್ಲಕ್ಕಿಂತ ದುಬಾರಿಯದೇ ಗೆದ್ದಿತು, ಮುಕ್ಕಾಲು ಇಂಚಿನ ಗ್ರೂಪ್, ಅಂದರೆ ಐದೂ ತೂತು ಅಷ್ಟರೊಳಗೆ. ಖುಷಿಯಿಂದ ಅದನ್ನೇ 500 ತಂದೆ. ಮುಂದಿನ ವಾರ ಅದೇ ತೋಟಾ ಎರಡು ಇಂಚಿಗೆ ಹರಡಿತು. ಹತ್ತು ಹೊಡೆದರೆ ಎಂಟು ಒಟ್ಟಿಗೆ ಬಿದ್ದು, ಒಂದೆರಡು ಎಡಗಡೆ ಮೇಲಕ್ಕೆ ಹೋಗುತ್ತವೆ. ಇದು ತೋಟಾದ ತಪ್ಪೋ, ನನ್ನ ಕೈಯ ತಪ್ಪೋ? ಯಾವ ಬ್ರ್ಯಾಂಡ್ ಕೊಳ್ಳಲಿ? ಮನೆಯಲ್ಲಿ ಉಳಿದಿರುವ ಅರೆಬರೆ ಪೆಟ್ಟಿಗೆಗಳನ್ನೆಲ್ಲ ಏನು ಮಾಡಲಿ?

ಉತ್ತರ: ಉತ್ತರದ ಅರ್ಧವನ್ನು ನೀವೇ ಬರೆದಿದ್ದೀರಿ, ಗಮನಿಸಿಲ್ಲ ಅಷ್ಟೆ. "ಎಂಟು ಒಟ್ಟಿಗೆ, ಒಂದೆರಡು ಎಡಗಡೆ ಮೇಲಕ್ಕೆ" ಅಂದಿರಲ್ಲ, ಆ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಿ. ತೋಟಾ ಕೆಟ್ಟದ್ದಾದರೆ ಗುಂಡುಗಳು ಸುತ್ತಲೂ ಚೆಲ್ಲಾಡುತ್ತವೆ, ಒಂದೇ ಮೂಲೆಗೆ ಹೋಗುವುದಿಲ್ಲ. ಕೈ ತಪ್ಪಿದರೆ ಒಂದೇ ಕಡೆ ಹೋಗುವುದುಂಟು. ಆದರೆ ಹತ್ತರಲ್ಲಿ ಎಂಟನ್ನು ಒಟ್ಟಿಗೆ ಇಟ್ಟ ಕೈ ಪ್ರತಿ ಸಲವೂ ಲೆಕ್ಕ ಹಾಕಿದಂತೆ ಎರಡನ್ನೇ ಕೆಡಿಸುತ್ತದೆಯೇ? ಕುಣಿಯಲಾರದವಳು ನೆಲ ಡೊಂಕು ಅಂದಳು ಅನ್ನುತ್ತೇವೆ. ರಿವಾಲ್ವರಿನ ವಿಷಯದಲ್ಲಿ ಮಾತ್ರ ನೆಲ ನಿಜವಾಗಿಯೂ ಡೊಂಕಾಗಿರಬಹುದು.

ನೀವು ಕೊಂಡಿರುವುದು ಒಂದು ಕೋವಿ ಅಂದುಕೊಂಡಿದ್ದೀರಿ. ನಳಿಗೆ ಒಂದೇ ಇದ್ದರೂ ಅದರ ಹಿಂದೆ ಹತ್ತು ಕೋವಿಗಳು ಸರದಿಯಲ್ಲಿ ನಿಂತಿವೆ. ಪಿಸ್ತೂಲಿನಲ್ಲಾಗಲಿ ರೈಫಲ್ಲಿನಲ್ಲಾಗಲಿ ಚೇಂಬರ್ ನಳಿಗೆಯದೇ ಒಂದು ತುದಿ. ಗುಂಡು ಎಲ್ಲಿಂದ ಹೊರಟರೂ ದಾರಿ ಒಂದೇ. ರಿವಾಲ್ವರಿನಲ್ಲಿ ಗುಂಡು ಸಿಲಿಂಡರ್ ಎಂಬ ತಿರುಗುವ ಉರುಳೆಯ ಚೇಂಬರಿನಿಂದ ಹೊರಟು, ಒಂದು ಇಂಚಿನ ಸಾವಿರದಲ್ಲಿ ನಾಲ್ಕೈದು ಭಾಗದಷ್ಟು ಸಂದು ದಾಟಿ, ನಳಿಗೆಯ ಹಿಂಬಾಯಿಗೆ ಹಾರಬೇಕು. ಆ ಹಿಂಬಾಯಿಯನ್ನು ಕೊಳವೆಯ ಬಾಯಿಯ ಹಾಗೆ ಸ್ವಲ್ಪ ಅಗಲ ಮಾಡಿರುತ್ತಾರೆ, ಫೋರ್ಸಿಂಗ್ ಕೋನ್ ಅನ್ನುವುದು ಅದಕ್ಕೇ. ಚೇಂಬರ್ ನಳಿಗೆಗೆ ನೇರ ನಿಂತಿದ್ದರೆ ಗುಂಡು ಮಧ್ಯಕ್ಕೆ ಹೋಗುತ್ತದೆ. ಕೂದಲೆಳೆಯಷ್ಟು ಪಕ್ಕಕ್ಕಿದ್ದರೆ ಗುಂಡಿನ ಒಂದು ಮಗ್ಗುಲು ಕೋನಿಗೆ ಉಜ್ಜಿ ಸವೆಯುತ್ತದೆ. .22ರ ಗುಂಡು ಮೆತ್ತನೆಯ ಸೀಸ, 40 ಗ್ರೇನ್ ಅಂದರೆ ಎರಡೂವರೆ ಗ್ರಾಮಿಗಿಂತ ಸ್ವಲ್ಪ ಹೆಚ್ಚು. ಅಷ್ಟು ಸಣ್ಣ ಸೀಸದ ಒಂದು ಮಗ್ಗುಲು ಸವೆದರೆ ತೂಕದ ಕೇಂದ್ರ ಜರುಗುತ್ತದೆ, ಆಮೇಲೆ ಅದು ನೀವು ತೋರಿಸಿದ ಕಡೆ ಹೋಗುವುದಿಲ್ಲ.

ಈಗ ನಿಮ್ಮ ಮುಕ್ಕಾಲು ಇಂಚಿನ ಗ್ರೂಪಿಗೆ ಬನ್ನಿ. ಹತ್ತು ಚೇಂಬರಿನ ಸಿಲಿಂಡರಿಗೆ ಐದೇ ತೋಟಾ ತುಂಬಿದಿರಿ. ಆ ಐದು ಯಾವ ಚೇಂಬರುಗಳಲ್ಲಿ ಕೂತವು ಎಂದು ನೋಡಿಕೊಂಡಿದ್ದಿರಾ? ಇಲ್ಲ ಅಲ್ಲವೇ. ಒಳ್ಳೆಯ ಐದರಲ್ಲಿ ಕೂತಿದ್ದರೆ ಮುಕ್ಕಾಲು ಇಂಚು ಬಂತು. ಮುಂದಿನ ವಾರ ಹತ್ತೂ ತುಂಬಿದಾಗ ಕೆಟ್ಟವೂ ಲೆಕ್ಕಕ್ಕೆ ಸೇರಿದವು. ಸೋತ ಐದು ಬ್ರ್ಯಾಂಡುಗಳಲ್ಲಿ ಒಂದೆರಡಾದರೂ ಕೆಟ್ಟ ಚೇಂಬರ್ ಪಾಲಿಗೆ ಬಂದದ್ದಕ್ಕೇ ಸೋತಿರಬಹುದು. ಅಂದರೆ ನೀವು ಅವತ್ತು ತೋಟಾವನ್ನೂ ಪರೀಕ್ಷಿಸಲಿಲ್ಲ, ಚೇಂಬರನ್ನೂ ಪರೀಕ್ಷಿಸಲಿಲ್ಲ. ಎರಡನ್ನೂ ಕಲಸಿ ಒಂದು ಚಿತ್ರಾನ್ನ ಮಾಡಿದಿರಿ.

ಇದನ್ನು ನಾನು ಬುದ್ಧಿವಂತಿಕೆಯಿಂದ ಕಲಿತದ್ದಲ್ಲ. ನನ್ನ ಮೊದಲ ಟಾರ್ಗೆಟ್ ರಿವಾಲ್ವರ್ ಆರು ಚೇಂಬರಿನದು, ಇನ್ನೊಬ್ಬರ ಕೈ ದಾಟಿ ಬಂದದ್ದು. ಸುಮಾರು ಎರಡು ವರ್ಷ ಅಂಗಡಿಯಲ್ಲಿ ಸಿಕ್ಕ ತೋಟಾವನ್ನೆಲ್ಲ ಅದಕ್ಕೆ ತಿನ್ನಿಸಿದೆ. ಪ್ರತಿ ಆರಕ್ಕೆ ಒಂದು ಬಲಗಡೆ ಕೆಳಕ್ಕೆ. ಟ್ರಿಗರ್ ಎಳೆಯುವಾಗ ಬೆರಳು ಬಿಗಿಯುತ್ತಿದೆ ಎಂದು ಹಿರಿಯರೊಬ್ಬರು ಹೇಳಿದ್ದನ್ನು ನಂಬಿ ಬೆರಳಿನ ವ್ಯಾಯಾಮವನ್ನೂ ಮಾಡಿದ್ದಾಯಿತು. ಕೊನೆಗೊಂದು ದಿನ, ಬೇಸರದಲ್ಲಿ, ಹೆಂಡತಿಯ ಉಗುರುಬಣ್ಣದ ಶೀಶೆ ತೆಗೆದು ಸಿಲಿಂಡರಿನ ಹಿಂಬದಿಯಲ್ಲಿ ಒಂದು ಚೇಂಬರಿನ ಪಕ್ಕ ಕೆಂಪು ಚುಕ್ಕೆ ಇಟ್ಟೆ. ಅಲ್ಲಿಂದ ಎಣಿಸಿಕೊಂಡು ಹೊಡೆದರೆ ಪ್ರತಿ ಸಲವೂ ದಾರಿ ತಪ್ಪುತ್ತಿದ್ದದ್ದು ನಾಲ್ಕನೆಯದೇ. ಎರಡು ವರ್ಷದ ತೋಟಾ ಖರ್ಚು ಒಂದು ಹನಿ ಉಗುರುಬಣ್ಣದಲ್ಲಿ ಮುಗಿಯುತ್ತಿತ್ತು.

ಹಾಗಾಗಿ ಬ್ರ್ಯಾಂಡಿನ ಮಾತು ಆಮೇಲೆ. ಮೊದಲು ಚೇಂಬರ್ ಪರೀಕ್ಷೆ ಮಾಡಿ. ಕೋವಿ ಖಾಲಿ ಇದೆಯೆಂದು ಎರಡು ಸಲ ನೋಡಿ, ಸಿಲಿಂಡರ್ ಹೊರಗೆ ತೆರೆದು, ಚೇಂಬರುಗಳ ಪಕ್ಕ ಮಾರ್ಕರಿನಲ್ಲಿ 1ರಿಂದ 10ರವರೆಗೆ ಬರೆದುಕೊಳ್ಳಿ. ಆರು ತೋಟಾಗಳಲ್ಲಿ ಯಾವುದಾದರೂ ಒಂದನ್ನು ಆರಿಸಿ, ಸ್ಟ್ಯಾಂಡರ್ಡ್ ವೆಲಾಸಿಟಿಯದ್ದು, ಅಂದರೆ ಸಾಧಾರಣ ವೇಗದ್ದು, ಸಾಕು. ದೊಡ್ಡ ಹಾಳೆಯ ಮೇಲೆ ಹತ್ತು ಕಪ್ಪು ಚುಕ್ಕೆ ಅಂಟಿಸಿ. ಒಂದನೇ ಚೇಂಬರಿನ ಗುಂಡೆಲ್ಲ ಒಂದನೇ ಚುಕ್ಕೆಗೆ, ಎರಡನೆಯದರದ್ದು ಎರಡನೇ ಚುಕ್ಕೆಗೆ. ಸಿಲಿಂಡರ್ ಪೂರ್ತಿ ತುಂಬಿ ಚೇಂಬರಿಗೊಂದರಂತೆ ಹತ್ತು ಚುಕ್ಕೆಗೂ ಹೊಡೆಯುತ್ತಾ ಸುತ್ತು ಬನ್ನಿ. ಹೀಗೆ ಐದು ಸುತ್ತು. ಒಂದೇ ಚೇಂಬರಿನ ಐದನ್ನೂ ಒಟ್ಟಿಗೆ ಮುಗಿಸುವುದು ಸುಲಭ ಅನ್ನಿಸುತ್ತದೆ. ಹಾಗೆ ಮಾಡಿದರೆ ಕೊನೆಯ ಚೇಂಬರುಗಳ ಪಾಲಿಗೆ ನಿಮ್ಮ ದಣಿದ ಕಣ್ಣು ಬರುತ್ತದೆ, ಮಾಡಬೇಡಿ. ಐದು ಸುತ್ತಿಗೆ 50 ತೋಟಾ, ಒಂದು ಪೆಟ್ಟಿಗೆ. ಇನ್ನೊಂದು ದಿನ ಇದನ್ನೇ ಮತ್ತೆ ಮಾಡಿ. ಎರಡೂ ದಿನ ಒಂದೇ ಚೇಂಬರ್ ಒಂದೇ ಕಡೆ ಎಸೆದರೆ ಆರೋಪಿ ಸಿಕ್ಕಿದ ಹಾಗೆ.

ಹಾಳೆ ನೋಡುವಾಗ ಐದು ತೂತು ಎಷ್ಟು ಹತ್ತಿರ ಇವೆ ಅನ್ನುವುದಕ್ಕಿಂತ ಆ ಐದರ ನಡುಮಧ್ಯ ಎಲ್ಲಿದೆ ಅನ್ನುವುದು ಮುಖ್ಯ. ಚೇಂಬರ್ ಮೂರು ಚೆಂದದ ಗ್ರೂಪನ್ನೇ ಮಾಡಿ, ಆ ಗ್ರೂಪನ್ನು ಪೂರ್ತಿಯಾಗಿ ಒಂದು ಇಂಚು ಎಡಕ್ಕೆ ಇಟ್ಟಿರಬಹುದು. ಅದನ್ನು ಉಳಿದವುಗಳ ಜತೆ ಬೆರೆಸಿದಾಗ ಮಾತ್ರ ದೋಷ ಕಾಣುವುದು. ಇನ್ನೊಂದು ಬಗೆಯ ಚೇಂಬರ್ ಎಲ್ಲಿ ಎಂದಿಲ್ಲದೆ ಚೆಲ್ಲುತ್ತದೆ. ಅಂಥದ್ದನ್ನು ಮೊದಲು ಕಂಚಿನ ಬ್ರಷ್ಷಿನಿಂದ ಚೆನ್ನಾಗಿ ಉಜ್ಜಿ ನೋಡಿ. ಹಿಂದೆ ಯಾರಾದರೂ ಅದರಲ್ಲಿ .22 ಶಾರ್ಟ್ ಹೊಡೆದಿದ್ದರೆ, ಶಾರ್ಟಿನ ಕೇಸು (ಮದ್ದು ತುಂಬಿದ ಲೋಹದ ಕೊಳವೆ) ಗಿಡ್ಡವಾದ್ದರಿಂದ, ಚೇಂಬರಿನ ಮುಂಭಾಗದಲ್ಲಿ ಮಸಿಯ ಬಳೆ ಕಟ್ಟಿಕೊಂಡಿರುತ್ತದೆ.

ಸರಿ, ಕೆಟ್ಟ ಚೇಂಬರ್ ಸಿಕ್ಕಿತು. ಏನು ಮಾಡುವುದು? ಇಲ್ಲಿ ಬುಲ್ಸ್‌ಐ ನಿಯಮ ನಿಮ್ಮ ಪರವಾಗಿದೆ. 50 ಗಜದ ಸ್ಲೋ ಫೈರಿನಲ್ಲಿ ಹತ್ತು ನಿಮಿಷಕ್ಕೆ ಹತ್ತು ಗುಂಡು, ಐದೈದು ತುಂಬಿ ಹೊಡೆಯುತ್ತೀರಿ. 25 ಗಜದ ಟೈಮ್ಡ್ ಫೈರಿನಲ್ಲಿ 20 ಸೆಕೆಂಡಿಗೆ ಐದು, ರ್‍ಯಾಪಿಡ್ ಫೈರಿನಲ್ಲಿ 10 ಸೆಕೆಂಡಿಗೆ ಐದು. ಎಲ್ಲ ಕಡೆಯೂ ಐದೇ. ಹತ್ತು ಚೇಂಬರಿನಲ್ಲಿ ಒಟ್ಟಿಗೆ ಸಾಲಾಗಿ ನಿಂತ ಐದು ಒಳ್ಳೆಯವು ಸಿಕ್ಕರೆ ಸ್ಪರ್ಧೆಯ ಮಟ್ಟಿಗೆ ನಿಮ್ಮ ಕೋವಿಗೆ ರೋಗವೇ ಇಲ್ಲ. ಮೊದಲನೆಯದಕ್ಕೆ ಒಂದು ಚುಕ್ಕೆ ಇಟ್ಟುಕೊಂಡು ಅಲ್ಲಿಂದ ತುಂಬಿ. ಸಿಲಿಂಡರ್ ಯಾವ ಕಡೆ ತಿರುಗುತ್ತದೆ ಅನ್ನುವುದನ್ನು ಮರೆಯಬೇಡಿ: ಹಿಂದಿನಿಂದ ನೋಡಿದರೆ ಸ್ಮಿತ್ ಆ್ಯಂಡ್ ವೆಸನ್‌ನವು ಎಡಕ್ಕೆ, ಕೋಲ್ಟ್‌ನವು ಬಲಕ್ಕೆ. ಉಲ್ಟಾ ತುಂಬಿಕೊಂಡು ಹತ್ತು ಸೆಕೆಂಡಿನಲ್ಲಿ ಟಕ್ ಟಕ್ ಎಂದು ಖಾಲಿ ಚೇಂಬರಿಗೆ ಹ್ಯಾಮರ್ ಬೀಳಿಸಿದವರನ್ನು ನೋಡಿದ್ದೇನೆ, ಅವರಲ್ಲಿ ಒಬ್ಬನ ಮುಖ ದಿನಾ ಕನ್ನಡಿಯಲ್ಲಿ ಕಾಣುತ್ತದೆ.

ಸಾಲಾಗಿ ಐದು ಸಿಗದಿದ್ದರೆ, ಅಥವಾ ಎಲ್ಲ ಚೇಂಬರುಗಳೂ ಸಂದಿನಿಂದ ಸೀಸದ ಚೂರು ಉಗುಳುತ್ತಿದ್ದರೆ ಕೋವಿ ರಿಪೇರಿಯ ಗನ್‌ಸ್ಮಿತ್ ಬಳಿ ಹೋಗಿ. ಅವರ ಹತ್ತಿರ ನಳಿಗೆಯ ಒಳಗಿಂದ ಇಳಿಸುವ ಒಂದು ನೇರ ಸಲಾಕೆ ಇರುತ್ತದೆ. ಚೇಂಬರ್ ಪಕ್ಕಕ್ಕಿದ್ದರೆ ಅದು ಸಿಲಿಂಡರಿನ ಅಂಚಿಗೆ ತಗುಲಿ ನಿಲ್ಲುತ್ತದೆ. ಮನೆಯಲ್ಲೇ ನೋಡಬಹುದಾದ ಗುರುತೂ ಒಂದಿದೆ. ನೂರು ಈಡು ಹೊಡೆದ ಮೇಲೆ, ಕೋವಿ ಖಾಲಿ ಮಾಡಿ, ಟಾರ್ಚ್ ಹಿಡಿದು ಫೋರ್ಸಿಂಗ್ ಕೋನ್ ನೋಡಿ. ಸೀಸ ಸುತ್ತಲೂ ಸಮನಾಗಿ ಮೆತ್ತಿದ್ದರೆ ಚಿಂತೆಯಿಲ್ಲ. ಒಂದೇ ಮಗ್ಗುಲಿಗೆ, ದೋಸೆ ಸೀದ ಹಾಗೆ, ದಪ್ಪಗೆ ಕಟ್ಟಿದ್ದರೆ ಗುಂಡು ಅಲ್ಲಿ ಉಜ್ಜುತ್ತಿದೆ ಎಂದರ್ಥ. ಪಕ್ಕದ ಲೇನಿನವರು "ಏನೋ ಚುಚ್ಚಿದ ಹಾಗಾಯಿತು" ಎಂದು ಕೆನ್ನೆ ಸವರಿಕೊಂಡರೆ ಅದೂ ಇದೇ. ಕನ್ನಡಕ ಇಲ್ಲದೆ ರಿವಾಲ್ವರಿನ ಹತ್ತಿರ ಯಾರೂ ನಿಲ್ಲಬಾರದು.

ಈಗ ತೋಟಾಕ್ಕೆ ಬರೋಣ. ಅಂಚಿನಲ್ಲಿ ಕಿಡಿಮದ್ದು ಇಟ್ಟ .22 ತೋಟಾಕ್ಕೂ ರಿವಾಲ್ವರಿಗೂ ನಂಟು ಹಳೆಯದು. ಸ್ಮಿತ್ ಆ್ಯಂಡ್ ವೆಸನ್ 1857ರಲ್ಲಿ ತನ್ನ ಮೊದಲ ರಿವಾಲ್ವರ್ ತಂದದ್ದೇ ಈಗ .22 ಶಾರ್ಟ್ ಎಂದು ಕರೆಯುವ ತೋಟಾದ ಜತೆ. ನಾವು ಇವತ್ತು ಹೊಡೆಯುವ ಲಾಂಗ್ ರೈಫಲ್ ಬಂದದ್ದು 1887ರಲ್ಲಿ. ಹೆಸರೇ ಹೇಳುವ ಹಾಗೆ ಅದನ್ನು ರೈಫಲ್ಲಿಗೆಂದು ಮಾಡಿದ್ದು, ಮ್ಯಾಚ್ ತೋಟಾ, ಅಂದರೆ ಸ್ಪರ್ಧೆಯ ತೋಟಾ, ತಯಾರಕರು ಇವತ್ತಿಗೂ ಹೆಚ್ಚಾಗಿ ಮನಸ್ಸಿನಲ್ಲಿಟ್ಟುಕೊಳ್ಳುವುದು ರೈಫಲನ್ನೇ. .38 ತೋಟಾದವರ ಹಾಗೆ ಮನೆಯಲ್ಲಿ ಕೂತು ಮದ್ದಿನ ತೂಕ ಬದಲಿಸಿ ತಮ್ಮ ಕೋವಿಗೆ ಹೊಂದಿಸಿಕೊಳ್ಳುವ ಭಾಗ್ಯ ನಮಗಿಲ್ಲ. ಕಿಡಿಮದ್ದು ಅಂಚಿನ ಮಡಿಕೆಯೊಳಗೆ ಇರುವುದರಿಂದ ಒಮ್ಮೆ ಹೊಡೆದ ಕೇಸು ಮುಗಿಯಿತು. ಅಂಗಡಿಯಲ್ಲಿ ಇರುವುದರಲ್ಲೇ ಆರಿಸಬೇಕು.

ದುಬಾರಿ ತೋಟಾದಲ್ಲಿ ಹಣ ಕೊಟ್ಟು ಕೊಳ್ಳುವುದು ಏನನ್ನು? ಬಹುಪಾಲು ಏಕರೂಪವನ್ನು: ಒಂದೇ ವೇಗ, ಒಂದೇ ಅಂಚಿನ ದಪ್ಪ, ಡೊಂಕಿಲ್ಲದ ಗುಂಡು. ವೇಗದ ಲೆಕ್ಕವನ್ನೇ ಹಾಕಿ ನೋಡೋಣ. ಆರಿಂಚಿನ ನಳಿಗೆಯಿಂದ ಗುಂಡು ಸೆಕೆಂಡಿಗೆ 900 ಅಡಿ ಆಸುಪಾಸಿನಲ್ಲಿ ಹೊರಡುತ್ತದೆ ಅನ್ನಿ. 25 ಗಜ ಮುಟ್ಟುವಷ್ಟರಲ್ಲಿ ಅದು ಕೆಳಗೆ ಇಳಿದಿರುವುದು ಸುಮಾರು 1.3 ಇಂಚು. ಒಂದು ತೋಟಾ ಇನ್ನೊಂದಕ್ಕಿಂತ 30 ಅಡಿ ನಿಧಾನವಾದರೂ ಇಳಿತದಲ್ಲಿ ಬರುವ ವ್ಯತ್ಯಾಸ ಒಂದು ಇಂಚಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. 50 ಗಜಕ್ಕೆ ಅದು ಇಂಚಿನ ಮೂರನೇ ಒಂದು ಭಾಗದ ಸುತ್ತ ಬರುತ್ತದೆ. ನಿಮ್ಮ ಗುರಿಹಲಗೆಯ ಹತ್ತು ಅಂಕದ ವೃತ್ತ ಸುಮಾರು 3.4 ಇಂಚು ಅಗಲ. ಅಂದರೆ ರೈಫಲ್ಲಿನವರು ದೂರದ ಗುರಿಗೆ ದುಡ್ಡು ಸುರಿದು ಕೊಳ್ಳುವ ಆ ವೇಗದ ನಿಖರತೆ 25 ಗಜದ ರಿವಾಲ್ವರಿನಲ್ಲಿ ಕಣ್ಣಿಗೇ ಬೀಳುವುದಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಗುಂಡು ಆ ಸಂದನ್ನು ದಾಟಿದ ಮೇಲೆ ಎಷ್ಟು ದುಂಡಗೆ ಉಳಿಯುತ್ತದೆ ಅನ್ನುವುದು. ಅದು ಗುಂಡಿನ ಮೂತಿಯ ಆಕಾರ, ಸೀಸದ ಗಡಸು, ಮೇಲೆ ಸವರಿದ ಮೇಣ ಇವುಗಳ ಆಟ. ಬೆಲೆ ನೋಡಿ ಇದನ್ನು ಊಹಿಸಲು ಆಗುವುದಿಲ್ಲ. ಅದಕ್ಕೇ ನಾಲ್ಕು ಪಟ್ಟು ಬೆಲೆಯ ತೋಟಾವನ್ನು ಸಾಧಾರಣ ತೋಟಾ ಸೋಲಿಸುವ ಘಟನೆ ರಿವಾಲ್ವರಿನಲ್ಲಿ ಪದೇ ಪದೇ ನಡೆಯುತ್ತದೆ.

ಹಾಗಾದರೆ ಎಲ್ಲಿಂದ ಶುರು ಮಾಡಲಿ ಅನ್ನುತ್ತೀರಿ. ನಾನಾಗಿದ್ದರೆ ನಾಲ್ಕು ತೋಟಾ ತರುತ್ತಿದ್ದೆ, ಅದಕ್ಕಿಂತ ಹೆಚ್ಚಲ್ಲ. ಅಮೆರಿಕದಲ್ಲಿ ಎಲ್ಲ ಕಡೆ ಸಿಗುವ ಸಿಸಿಐ ಸ್ಟ್ಯಾಂಡರ್ಡ್ ವೆಲಾಸಿಟಿ ಒಂದು. ಪೆಟ್ಟಿಗೆಯ ಮೇಲೆ 1070 ಅಡಿ ಎಂದು ಬರೆದಿರುತ್ತದೆ, ಅದು ರೈಫಲ್ ಲೆಕ್ಕ. ಜರ್ಮನಿಯ ಶೋನೆಬೆಕ್‌ನಲ್ಲಿ ತಯಾರಾಗುವ ಎಸ್‌ಕೆ ಒಂದು. ಮೆಕ್ಸಿಕೋದ ಅಗ್ವಿಲಾದ ಸ್ಟ್ಯಾಂಡರ್ಡ್ ವೆಲಾಸಿಟಿ ಒಂದು. ಇಂಗ್ಲೆಂಡಿನ ಎಲಿಯ ಮಧ್ಯಮ ದರ್ಜೆಯದು ಒಂದು. ಈ ನಾಲ್ಕರ ಮೇಣ, ಮೂತಿ, ಗುಂಡಿನ ಹದ ಬೇರೆ ಬೇರೆ. ನಾಲ್ಕು ದಿಕ್ಕಿಗೆ ಬಲೆ ಬೀಸಿದ ಹಾಗೆ. ಇವುಗಳಲ್ಲಿ ಒಂದು ಚೆನ್ನಾಗಿ ಹೋದರೆ ಅದೇ ಮನೆಯ ಮೇಲಿನ ದರ್ಜೆಯದನ್ನು ಆಮೇಲೆ ನೋಡಬಹುದು. ತಾಮ್ರದ ಲೇಪದ ಹೈ ವೆಲಾಸಿಟಿ, ಡಬ್ಬಿಯಲ್ಲಿ ಐನೂರು ಸುರಿದು ಮಾರುವ ಸಡಿಲ ತೋಟಾ, ಇವು ಡಬ್ಬ ಹೊಡೆಯುವ ಖುಷಿಗೆ. ಸೆಮಿ ಆಟೊಮ್ಯಾಟಿಕ್‌ನವರಿಗೆ ಸ್ಲೈಡನ್ನು ಹಿಂದಕ್ಕೆ ತಳ್ಳುವ ಬಲವೂ ತೋಟಾದಿಂದಲೇ ಬರಬೇಕು. ನಿಮಗೆ ಆ ಹಂಗಿಲ್ಲ. ಶಬ್ದಕ್ಕಿಂತ ನಿಧಾನ ಹೋಗುವ ಸಬ್‌ಸಾನಿಕ್ ತೋಟಾಗಳಲ್ಲಿ ತೀರಾ ನಿಧಾನದ್ದಾದರೂ ಹೊಡೆಯಬಹುದು. ಪಿಸ್ತೂಲಿನವರು ಪರೀಕ್ಷಿಸಲೂ ಆಗದ ತೋಟಾ ನಿಮ್ಮ ಪಾಲಿಗೆ ತೆರೆದಿದೆ, ರಿವಾಲ್ವರಿಗರಿಗೆ ಸಿಗುವ ಅಪರೂಪದ ಅನುಕೂಲಗಳಲ್ಲಿ ಇದೊಂದು.

ಒಂದು ವೇಳೆ ನಿಮ್ಮದು .22 ಮ್ಯಾಗ್ನಮ್‌ಗೂ ಬದಲಿ ಸಿಲಿಂಡರ್ ಇರುವ ಕೋವಿಯಾದರೆ ಆಸೆ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ. ಮ್ಯಾಗ್ನಮ್ ಗುಂಡು ಕೂದಲೆಳೆ ದಪ್ಪ, ನಳಿಗೆಯನ್ನು ಅದಕ್ಕೆ ತಕ್ಕಂತೆ ಕೊರೆದಿದ್ದರೆ ಲಾಂಗ್ ರೈಫಲ್ ಗುಂಡು ಅದರೊಳಗೆ ಸಡಿಲವಾಗಿ ಹೋಗುತ್ತದೆ.

ಪರೀಕ್ಷೆಯಲ್ಲಿ ಎಲ್ಲರೂ ಮಾಡುವ ತಪ್ಪು, ನೀವೂ ಮಾಡಿದ ತಪ್ಪು, ಐದು ಗುಂಡಿನ ಒಂದೇ ಗ್ರೂಪನ್ನು ನಂಬುವುದು. ಒಂದು ಆಟ ಹೇಳುತ್ತೇನೆ, ಮಾಡಿ ನೋಡಿ. ಒಂದೇ ಪೆಟ್ಟಿಗೆಯ ತೋಟಾದಲ್ಲಿ, ಒಂದೇ ಸಲ ಕೂತು, ಐದರ ಎಂಟು ಗ್ರೂಪ್ ಹೊಡೆಯಿರಿ. ಎಂಟರಲ್ಲಿ ಅತಿ ದೊಡ್ಡದು ಅತಿ ಚಿಕ್ಕದರ ಎರಡರಷ್ಟು ಆಸುಪಾಸಿನಲ್ಲಿ ಇರುತ್ತದೆ. ತೋಟಾ ಅದೇ, ಕೋವಿ ಅದೇ, ಕೈ ಅದೇ. ಈಗ ಆ ಎಂಟು ಗ್ರೂಪಿನ ಪಕ್ಕ ಎಂಟು ಬ್ರ್ಯಾಂಡಿನ ಹೆಸರು ಬರೆದಿದ್ದರೆ ಏನಾಗುತ್ತಿತ್ತು? ಒಂದನ್ನು ಚಿನ್ನ ಎಂದು ತಲೆ ಮೇಲೆ ಹೊತ್ತು, ಇನ್ನೊಂದನ್ನು ಕಸಕ್ಕೆ ಎಸೆಯುತ್ತಿದ್ದಿರಿ. ಹತ್ತು ಗುಂಡಿನ ಗ್ರೂಪ್ ಇದಕ್ಕಿಂತ ಪ್ರಾಮಾಣಿಕ. ಅದು ಐದರ ಗ್ರೂಪಿಗಿಂತ ಸರಾಸರಿಯಲ್ಲಿ ಕಾಲು ಭಾಗ ದೊಡ್ಡದಾಗಿ ಬರುತ್ತದೆ, ಅದಕ್ಕೇ ಜನ ಅದನ್ನು ತೋರಿಸಲು ಇಷ್ಟಪಡುವುದಿಲ್ಲ. ಪ್ರತಿ ತೋಟಾಕ್ಕೂ ಹತ್ತರ ನಾಲ್ಕು ಗ್ರೂಪ್ ಮಾಡಿ, ನಾಲ್ಕರ ಸರಾಸರಿ ಬರೆದಿಡಿ. ಒಂದು ತೋಟಾದ ಸರಾಸರಿ 1.4, ಇನ್ನೊಂದರದ್ದು 1.5 ಬಂದರೆ ಎರಡೂ ಒಂದೇ, ಅಗ್ಗದ್ದನ್ನು ಕೊಳ್ಳಿ. "ಕೈ ಅಲುಗಿತು, ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ" ಅನ್ನಬೇಕಾದರೆ ತೂತು ನೋಡುವ ಮೊದಲೇ ಅನ್ನಬೇಕು, ನೋಡಿದ ಮೇಲೆ ಅಲ್ಲ.

ನಾನು ಕೊಡಗಿನ ಅಂಚಿನ ಊರಿನವನು. ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನೋಡಿಕೊಂಡೇ ಬೆಳೆದೆ. ಮರದ ತುದಿಯ ಕಾಯಿ ಒಂದೇ ಈಡಿಗೆ ಬಿದ್ದರೆ ಆ ತೋಟಾಕ್ಕೆ ವರ್ಷವಿಡೀ ಹೆಸರು. ಮರುವರ್ಷ ಅದೇ ತೋಟಾ, ಅದೇ ಕೋವಿ, ಅದೇ ಮಾವ, ಕಾಯಿ ಮಾತ್ರ ಅಲ್ಲೇ ನೇತಾಡುತ್ತಿತ್ತು. ಒಂದು ಈಡಿನಿಂದ ತೀರ್ಪು ಕೊಡುವ ಚಪಲ ನಮಗೆ ಅಲ್ಲಿಂದಲೇ ಬಂದಿರಬೇಕು.

ಬ್ರ್ಯಾಂಡ್ ಬದಲಿಸುವಾಗ ಮೇಣದ ವಿಷಯ ನೆನಪಿಡಿ. .22 ಗುಂಡು ಕೇಸಿನಷ್ಟೇ ದಪ್ಪ, ಹೊರಗೆ ಬೆತ್ತಲೆ. ಅದರ ಮೈಮೇಲೆಯೇ ಮೇಣ ಸವರಿರುತ್ತಾರೆ. ಒಂದೊಂದು ಕಂಪನಿಯ ಮೇಣ ಒಂದೊಂದು ಬಗೆ. ಹಿಂದಿನ ತೋಟಾದ ಮೇಣ ನಳಿಗೆಯೊಳಗೆ ಕೂತಿರುವಾಗ ಹೊಸದನ್ನು ಹೊಡೆದರೆ ಮೊದಲ ಕೆಲವು ಗುಂಡು ದಿಕ್ಕಾಪಾಲಾಗುತ್ತವೆ. ಆದ್ದರಿಂದ ಹೊಸ ತೋಟಾದ ಮೊದಲ ಎರಡು ಮೂರು ಸಿಲಿಂಡರನ್ನು ಲೆಕ್ಕಕ್ಕೆ ಹಿಡಿಯದೆ ಸುಮ್ಮನೆ ಮಣ್ಣದಿಬ್ಬಕ್ಕೆ ಹೊಡೆಯಿರಿ, ಆಮೇಲೆ ಗ್ರೂಪ್ ಶುರು ಮಾಡಿ. ಇದೇ ಕಾರಣಕ್ಕೆ ಸ್ಪರ್ಧೆಯ ನಡುವೆ ಎರಡು ಬ್ರ್ಯಾಂಡ್ ಬೆರೆಸಬಾರದು. ತೋಟಾವನ್ನು ಜೇಬಿಗೆ ಸುರಿದುಕೊಳ್ಳುವ ಅಭ್ಯಾಸವಿದ್ದರೆ ಬಿಡಿ. ಮೇಣಕ್ಕೆ ಧೂಳು, ನೂಲು, ಕಡಲೆಕಾಯಿ ಸಿಪ್ಪೆ ಎಲ್ಲ ಅಂಟಿಕೊಂಡು ನಳಿಗೆಗೆ ಹೋಗುತ್ತದೆ. ಒಹಾಯೋದ ಜನವರಿಯಲ್ಲಿ ಮೇಣ ಗಟ್ಟಿಯಾಗಿ, ಬೇಸಿಗೆಯಲ್ಲಿ ಗೆದ್ದ ತೋಟಾ ಚಳಿಗೆ ಮುನಿಸಿಕೊಂಡರೆ ಆಶ್ಚರ್ಯಪಡಬೇಡಿ.

ಸ್ವಚ್ಛ ಮಾಡುವ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಏಕಪಕ್ಷೀಯ. ನಳಿಗೆಯನ್ನು ಉಜ್ಜಿ ಉಜ್ಜಿ ಹಾಳು ಮಾಡಿದವರೇ ಹೆಚ್ಚು. ಚೇಂಬರುಗಳನ್ನು ಮಾತ್ರ ನೂರು ಈಡಿಗೊಮ್ಮೆ ಬ್ರಷ್ ಮಾಡಿ. ಮಸಿ ಕಟ್ಟಿದ ಚೇಂಬರಿನಲ್ಲಿ ತೋಟಾ ಪೂರ್ತಿ ಕೂರುವುದಿಲ್ಲ. ಹ್ಯಾಮರಿನ ಪೆಟ್ಟಿನ ಅರ್ಧ ಅದನ್ನು ಒಳಕ್ಕೆ ತಳ್ಳುವುದರಲ್ಲೇ ಹೋಗುತ್ತದೆ, ಅಂಚು ಸರಿಯಾಗಿ ನಜ್ಜುವುದಿಲ್ಲ. ಆಗ ತೋಟಾ ಹಾರದಿದ್ದರೆ ಜನ ತೋಟಾವನ್ನು ಬೈಯುತ್ತಾರೆ. ಟ್ರಿಗರ್ ಹಗುರ ಮಾಡಿಸಲು ಹ್ಯಾಮರಿನ ಸ್ಪ್ರಿಂಗ್ ಮೆತ್ತಗೆ ಮಾಡಿಸಿದ್ದರೂ ಇದೇ ಗತಿ. ಹಾರದ ತೋಟಾವನ್ನು ತಕ್ಷಣ ತೆಗೆಯಬೇಡಿ. ನಳಿಗೆ ಗುರಿಯ ಕಡೆಗೇ ಇಟ್ಟು ಅರ್ಧ ನಿಮಿಷ ಎಣಿಸಿ, ಆಮೇಲೆ ತೆರೆಯಿರಿ. ಅಂಚಿನ ಗುರುತು ನೋಡಿ. ಗುರುತು ಆಳವಾಗಿದ್ದೂ ಹಾರಿಲ್ಲವಾದರೆ ಆ ಜಾಗದಲ್ಲಿ ಕಿಡಿಮದ್ದು ಹರಡಿಲ್ಲ, ತೋಟಾದ ತಪ್ಪು. ಗುರುತು ಮೇಲೆ ಮೇಲೆ ಸವರಿದ ಹಾಗಿದ್ದರೆ ತಪ್ಪು ಕೋವಿಯದು. ನೂರಕ್ಕೆ ಒಂದು ಹಾರದ ತೋಟಾ ಎಷ್ಟು ಸಣ್ಣ ಗ್ರೂಪ್ ಕೊಟ್ಟರೂ ನನಗೆ ಬೇಡ. ಹತ್ತು ಸೆಕೆಂಡಿನ ಐದರಲ್ಲಿ ಒಂದು ಹಾರದೆ ಹೋದರೆ ಆಮೇಲೆ ಮುಕ್ಕಾಲು ಇಂಚು ತೆಗೆದುಕೊಂಡು ಏನು ಮಾಡುತ್ತೀರಿ?

ಬೆಂಚಿನ ಮೇಲೆ ಕೂರುವ ಕ್ರಮ ಚುಟುಕಾಗಿ ಹೇಳುತ್ತೇನೆ. ಎರಡೂ ಕೈಯಲ್ಲಿ ಹಿಡಿದು, ಮಣಿಕಟ್ಟು ಮತ್ತು ಫ್ರೇಮಿನ ಕೆಳಭಾಗ ಮರಳಿನ ಚೀಲದ ಮೇಲೆ ಬರಲಿ. ನಳಿಗೆ ಯಾವುದಕ್ಕೂ ತಾಗಬಾರದು. ಹಿಡಿಯ ತಳವನ್ನು ಮೇಜಿನ ಹಲಗೆಗೆ ಒತ್ತಿದರೆ ಕೋವಿ ಪುಟಿದು ಮೇಲೆ ಹೊಡೆಯುತ್ತದೆ. ಪ್ರತಿ ಸಲ ಹ್ಯಾಮರನ್ನು ಹೆಬ್ಬೆರಳಿನಿಂದ ಎಳೆದು ಸಿಂಗಲ್ ಆ್ಯಕ್ಷನ್‌ನಲ್ಲೇ ಹೊಡೆಯಿರಿ. ಸಾಧ್ಯವಾದರೆ ಸ್ನೇಹಿತರ ರೆಡ್ ಡಾಟ್ (ಕೆಂಪು ಚುಕ್ಕೆ ತೋರಿಸುವ ಗುರಿಗಾಜು) ಎರವಲು ಪಡೆದು ಕೂರಿಸಿಕೊಳ್ಳಿ, ನಮ್ಮ ವಯಸ್ಸಿನ ಕಣ್ಣಿಗೆ ಮುಂದಿನ ಸೈಟೂ ಗುರಿಯೂ ಒಟ್ಟಿಗೆ ಕಾಣುವ ದಿನ ಹೋಯಿತು. ಗಾಳಿಯಿಲ್ಲದ ಬೆಳಗ್ಗೆ ಅಥವಾ ಒಳಾಂಗಣ ರೇಂಜ್ ಉತ್ತಮ. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ 50 ಗಜದಲ್ಲಿ .22 ಗುಂಡನ್ನು ಒಂದು ಇಂಚಿನ ಆಸುಪಾಸು ಪಕ್ಕಕ್ಕೆ ತಳ್ಳುತ್ತದೆ. ನಿಮ್ಮ ರಾಜ್ಯದಲ್ಲೇ, ಈರಿ ಸರೋವರದ ದಂಡೆಯ ಕ್ಯಾಂಪ್ ಪೆರ್ರಿಯಲ್ಲಿ, 1907ರಿಂದ ರಾಷ್ಟ್ರೀಯ ಸ್ಪರ್ಧೆಗಳು ನಡೆದಿವೆ. ಅಲ್ಲಿ ಸರೋವರದ ಗಾಳಿಯನ್ನು ಬೈಯದೆ ಮನೆಗೆ ಹೋದ ಶೂಟರ್ ಇರಲಿಕ್ಕಿಲ್ಲ. ಮುಗಿದ ಮೇಲೆ ಕೈ ತೊಳೆಯದೆ ಬುತ್ತಿ ಬಿಚ್ಚಬೇಡಿ. ಬೆರಳಿಗೆ ಅಂಟಿದ ಕಪ್ಪು ಬರೀ ಮಸಿಯಲ್ಲ, ಸೀಸವೂ ಅದರಲ್ಲಿದೆ.

ಎಲ್ಲಿಗೆ ನಿಲ್ಲಿಸಬೇಕು? ಒಳ್ಳೆಯ ಐದು ಚೇಂಬರಿನಿಂದ, ಬೆಂಚಿನ ಮೇಲೆ, 25 ಗಜಕ್ಕೆ ಹತ್ತು ಗುಂಡಿನ ಸರಾಸರಿ ಒಂದೂವರೆ ಇಂಚಿನೊಳಗೆ ಬಂದರೆ ಹುಡುಕಾಟ ನಿಲ್ಲಿಸಿ. 50 ಗಜದಲ್ಲಿ ಅದು ಎರಡರಷ್ಟಾಗಿ ಮೂರು ಇಂಚು, ಹತ್ತರ ವೃತ್ತದೊಳಗೇ. ಇನ್ನೂ ಕಾಲು ಇಂಚು ಕಡಿಮೆ ಮಾಡಲು ಹೋಗುವ ದುಡ್ಡಿನಲ್ಲಿ ಅಭ್ಯಾಸದ ತೋಟಾ ಕೊಂಡರೆ ಅಂಕ ಹೆಚ್ಚು ಬರುತ್ತದೆ. ಗೆದ್ದ ಪೆಟ್ಟಿಗೆಯ ಮಡಿಕೆಯ ಮೇಲೋ ಹಿಂಬದಿಯಲ್ಲೋ ಲಾಟ್ ನಂಬರ್ (ಒಂದೇ ಸಲ ತಯಾರಾದ ಕಂತಿನ ಗುರುತು) ಇರುತ್ತದೆ, ಅದನ್ನು ಬರೆದುಕೊಂಡು ಅದೇ ಲಾಟಿನದನ್ನು ವರ್ಷಕ್ಕಾಗುವಷ್ಟು ಒಟ್ಟಿಗೆ ತರಿಸಿ. ಹೆಸರು ಒಂದೇ ಇದ್ದು ಲಾಟ್ ಬೇರೆಯಾದರೆ ಅದು ಬೇರೆ ತೋಟಾ ಎಂದೇ ತಿಳಿಯಿರಿ, ಮತ್ತೆ ಪರೀಕ್ಷಿಸಿ.

ಊರಿನಿಂದ ಇದನ್ನು ಓದುವವರು "ನಾಲ್ಕು ಬ್ರ್ಯಾಂಡ್ ತಂದು ನೋಡು ಅಂತೀರಲ್ಲ ಸ್ವಾಮಿ" ಎಂದು ನಗಬಹುದು. ಭಾರತದಲ್ಲಿ ಪರವಾನಗಿಯಲ್ಲಿ ಬರೆದಷ್ಟೇ ತೋಟಾ, ಸಿಕ್ಕಿದ್ದೇ ಬ್ರ್ಯಾಂಡ್. ಅಂಥವರಿಗೆ ಚೇಂಬರ್ ಪರೀಕ್ಷೆ ಇನ್ನೂ ಮುಖ್ಯ. ತೋಟಾ ಬದಲಿಸಲು ಆಗದಿದ್ದರೂ ಯಾವ ಚೇಂಬರಿಗೆ ತುಂಬಬೇಕು ಅನ್ನುವುದು ನಿಮ್ಮ ಕೈಯಲ್ಲೇ ಇದೆ.

ಇನ್ನು ನಿಮ್ಮ ಅರೆಬರೆ ಪೆಟ್ಟಿಗೆಗಳು. ಸೋತವು ಎಂದು ಬರೆದಿಟ್ಟ ಐದನ್ನೂ ಡಬಲ್ ಆ್ಯಕ್ಷನ್ (ಹ್ಯಾಮರ್ ಎಳೆಯದೆ ಟ್ರಿಗರಿನಿಂದಲೇ ಹೊಡೆಯುವ) ಅಭ್ಯಾಸಕ್ಕೆ ಹತ್ತು ಗಜದಲ್ಲಿ ಮುಗಿಸಬಹುದು, ಆದರೆ ಒಂದೊಂದರಲ್ಲಿ ಐವತ್ತರಷ್ಟು ಉಳಿಸಿಕೊಳ್ಳಿ. ಆ 500ರ ದುಬಾರಿ ತೋಟಾವನ್ನಂತೂ ಸಿಟ್ಟಿನಲ್ಲಿ ಯಾರಿಗೂ ಮಾರಬೇಡಿ. ಎಡಕ್ಕೆ ಎಸೆಯುವ ಚೇಂಬರ್ ಯಾವುದು ಎಂದು ಗೊತ್ತಾದ ಮೇಲೆ ಅದನ್ನು ಖಾಲಿ ಬಿಟ್ಟು ಇನ್ನೊಮ್ಮೆ ಹೊಡೆದು ನೋಡಿ. ಅದೇ ಗೆದ್ದರೂ ಗೆಲ್ಲಬಹುದು. ಫಲಿತಾಂಶ ಬರೆಯುವಾಗ ಬ್ರ್ಯಾಂಡಿನ ಹೆಸರಿನ ಮುಂದೆ ಚೇಂಬರಿನ ನಂಬರನ್ನೂ ಬರೆದು ಕಳಿಸಿ.